ಜಾವಾ, ಪೈಥಾನ್, ಸಿ++: ಆಬ್ಜೆಕ್ಟ್‌ಗಳ ಪಾಠವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಹಳ್ಳಿಯವಳು. ಕಲಬುರಗಿಯ ಕಾಲೇಜೊಂದರಲ್ಲಿ ಬಿಸಿಎ ಎರಡನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್‌ನಲ್ಲಿ ಸಿ ಭಾಷೆ ಕಲಿತೆ. ಲೂಪ್, ಅರೇ, ಫಂಕ್ಷನ್‌ವರೆಗೆ ಧೈರ್ಯವಿದೆ, ಪಾಯಿಂಟರ್ ಬಂದರೆ ತಲೆ ತಿರುಗುತ್ತದೆ. ಮುಂದಿನ ಸೆಮಿಸ್ಟರ್‌ನಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಇದೆ, ಜಾವಾದಲ್ಲಿ. ರಜೆಯಲ್ಲೇ ಸ್ವಲ್ಪ ಕಲಿತಿರೋಣವೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸೀನಿಯರ್ ಒಬ್ಬರು “ಸಿ++ ಬಾರದೆ ಜಾವಾಕ್ಕೆ ಕೈ ಹಾಕಬೇಡ, ಅಡಿಪಾಯವೇ ಇರುವುದಿಲ್ಲ” ಎನ್ನುತ್ತಾರೆ. ಸೂಪರ್ ಮಾರ್ಕೆಟ್ ಹತ್ತಿರದ ತರಬೇತಿ ಕೇಂದ್ರದವರು “ಈಗ ಎಲ್ಲವೂ ಪೈಥಾನ್, ಜಾವಾ ಹಳೆಯದಾಯಿತು” ಎಂದರು. ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಅಣ್ಣ “ಪೈಥಾನ್‌ನಲ್ಲಿ ನಿಜವಾದ ಆಬ್ಜೆಕ್ಟ್ ಓರಿಯೆಂಟೆಡ್ ಇಲ್ಲ” ಎನ್ನುತ್ತಾನೆ. ನನ್ನ ಬಳಿ 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇದೆ. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುತ್ತಾರೆ. ತಪ್ಪು ಭಾಷೆ ಆರಿಸಿಕೊಂಡು ಒಂದು ವರ್ಷ ಕಳೆದುಕೊಳ್ಳುವ ಭಯವಿದೆ. ಇಂಗ್ಲಿಷ್ ಕಡಿಮೆ ಇರುವವರಿಗೆ ಯಾವುದು ಸುಲಭ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಫ್ಟ್‌ವೇರ್ ಕೆಲಸ ಬಿಟ್ಟು ಕಲಬುರಗಿಗೆ ಮರಳಿ ಪಾಠ ಹೇಳಲು ತೊಡಗಿದ ಮೇಲೆ ಪ್ರತಿ ರಜೆಯಲ್ಲೂ ಈ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ನಿಮ್ಮಂತೆ ಮನೆಯಲ್ಲಿ ಮೊದಲ ಬಾರಿಗೆ ಕಂಪ್ಯೂಟರ್ ವಿಷಯ ಓದುತ್ತಿರುವವರು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಈಗಿನ ಸ್ಥಿತಿಯಲ್ಲಿ ಜಾವಾದಿಂದಲೇ ಆರಂಭಿಸಿ, ಸಿ++ ಅನ್ನು ಸದ್ಯಕ್ಕೆ ಬದಿಗಿಡಿ, ಪೈಥಾನ್ ಅನ್ನು ಮೂರು ನಾಲ್ಕು ತಿಂಗಳ ನಂತರ ಕೈಗೆತ್ತಿಕೊಳ್ಳಿ. ಈ ಸಲಹೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಎಂದೂ ಒಂದು ಸಾಲು ಪ್ರೋಗ್ರಾಂ ಬರೆಯದ ಹುಡುಗ ಬಂದು ಕೇಳಿದ್ದರೆ ನಾನು ಪೈಥಾನ್ ಎನ್ನುತ್ತಿದ್ದೆ. ಪ್ರೋಗ್ರಾಂ ಬರೆಯಲು ಕಲಿಯುವುದು ಬೇರೆ, ಆಬ್ಜೆಕ್ಟ್‌ಗಳಾಗಿ ಯೋಚಿಸಲು ಕಲಿಯುವುದು ಬೇರೆ. ಮೊದಲನೆಯ ಹೊಳೆಯನ್ನು ನೀವು ಸಿ ಭಾಷೆಯಲ್ಲಿ ಆಗಲೇ ದಾಟಿದ್ದೀರಿ. ನಿಮಗೆ ಸಲಹೆ ಕೊಟ್ಟವರು ಈ ಎರಡನ್ನೂ ಬೆರೆಸಿ ಮಾತಾಡಿದ್ದರಿಂದಲೇ ಗೊಂದಲ ಹುಟ್ಟಿದೆ.

ಭಾಷೆಗಳ ವಿಚಾರಕ್ಕೆ ಬರುವ ಮೊದಲು, ಕಲಿಯಬೇಕಾದದ್ದು ಏನೆಂಬುದನ್ನು ನಿಮಗೆ ಗೊತ್ತಿರುವ ಒಂದು ಜಾಗದಲ್ಲೇ ನೋಡೋಣ. ನಿಮ್ಮ ತಂದೆಯವರು ತೊಗರಿ ತರುವ ನೆಹರು ಗಂಜಿನ ಅಡತಿ ಅಂಗಡಿಯನ್ನು ನೆನೆಯಿರಿ. ಅಲ್ಲಿ ಪ್ರತಿಯೊಬ್ಬ ರೈತನ ಹೆಸರಿಗೂ ಒಂದು ಖಾತೆ ಇರುತ್ತದೆ. ಅದರಲ್ಲಿ ಪಡೆದ ಮುಂಗಡ, ಬಂದ ಮಾಲು, ಉಳಿದ ಬಾಕಿ ಇರುತ್ತವೆ. ಆ ಪುಸ್ತಕದಲ್ಲಿ ಯಾರು ಬೇಕಾದರೂ ಬರೆಯುವಂತಿಲ್ಲ. ಹಣ ಕೊಟ್ಟರೆ ಮುನೀಮರು ಜಮಾ ಮಾಡುತ್ತಾರೆ, ಪಡೆದರೆ ಖರ್ಚು ಬರೆಯುತ್ತಾರೆ, ಬಾಕಿ ತಾನಾಗಿ ಬದಲಾಗುತ್ತದೆ. ಪಕ್ಕದಲ್ಲಿ ಕುಳಿತವರು ಪೆನ್ನು ತೆಗೆದುಕೊಂಡು ಬಾಕಿಯ ಅಂಕಿಯನ್ನೇ ತಿದ್ದಿದರೆ ಇಡೀ ಲೆಕ್ಕದ ಮೇಲಿನ ನಂಬಿಕೆ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಎನ್‌ಕ್ಯಾಪ್ಸುಲೇಶನ್ ಎಂದು ಓದುವಿರಲ್ಲ, ಅದು ಇಷ್ಟೇ: ಮಾಹಿತಿ ಮತ್ತು ಅದನ್ನು ಬದಲಿಸುವ ಹಕ್ಕು ಒಂದೇ ಕಡೆ ಇರುವುದು. ಪ್ರೋಗ್ರಾಂನಲ್ಲಿ ಇಂಥ ಒಂದೊಂದು ಖಾತೆಯೂ ಒಂದೊಂದು ಆಬ್ಜೆಕ್ಟ್.

ಅದೇ ಅಂಗಡಿಯಲ್ಲಿ ರೈತರ ಖಾತೆಯಷ್ಟೇ ಇರುವುದಿಲ್ಲ. ಬೇಳೆ ಮಿಲ್ಲಿನವರ ಖಾತೆ ಇರುತ್ತದೆ, ಹಮಾಲರ ಖಾತೆ ಇರುತ್ತದೆ. ಸಂಜೆ ಮುನೀಮರು ಪ್ರತಿ ಖಾತೆಗೂ ಒಂದೇ ಪ್ರಶ್ನೆ ಕೇಳುತ್ತಾರೆ, “ಇವತ್ತಿನ ಬಾಕಿ ಎಷ್ಟು?” ಎಂದು. ರೈತನ ಖಾತೆ ಮಾಲಿನ ಬೆಲೆಯಲ್ಲಿ ಮುಂಗಡವನ್ನು ಕಳೆದು ಹೇಳುತ್ತದೆ, ಮಿಲ್ಲಿನ ಖಾತೆ ಖರೀದಿಯಲ್ಲಿ ಪಾವತಿಯನ್ನು ಕಳೆದು ಹೇಳುತ್ತದೆ, ಹಮಾಲರ ಖಾತೆ ಚೀಲಗಳ ಲೆಕ್ಕದಿಂದ ಹೇಳುತ್ತದೆ. ಕೇಳುವವರಿಗೆ ಒಳಗಿನ ಲೆಕ್ಕ ಗೊತ್ತಿರಬೇಕಾಗಿಲ್ಲ. ಸಿ ಭಾಷೆಯಲ್ಲಿ ಇದನ್ನು ಬರೆದರೆ ನೀವು ಖಾತೆಯ ಬಗೆಯನ್ನು ನೋಡಿ ಕವಲೊಡೆಯುವ ಒಂದು ಸ್ವಿಚ್ ಬರೆಯುತ್ತೀರಿ; ಬಾಕಿಗೆ ಒಂದು, ರಸೀದಿಗೆ ಒಂದು, ತಿಂಗಳ ವರದಿಗೆ ಇನ್ನೊಂದು. ನಾಳೆ ಲಾರಿ ಬಾಡಿಗೆಯವರ ಖಾತೆಯೂ ಬೇಕೆಂದಾಗ ಆ ಎಲ್ಲ ಸ್ವಿಚ್‌ಗಳನ್ನೂ ಹುಡುಕಿ ತೆರೆಯಬೇಕು, ಒಂದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಆಬ್ಜೆಕ್ಟ್‌ಗಳ ರೀತಿಯಲ್ಲಿ ಬರೆದಿದ್ದರೆ ಲಾರಿ ಖಾತೆ ಎಂಬ ಹೊಸ ಕ್ಲಾಸೊಂದನ್ನು, ಅಂದರೆ ಆ ಬಗೆಯ ಆಬ್ಜೆಕ್ಟ್‌ಗಳನ್ನು ಹುಟ್ಟಿಸುವ ಅಚ್ಚನ್ನು, ಸೇರಿಸಿದರೆ ಸಾಕು. ಪ್ರಶ್ನೆ ಕೇಳುವ ಹಳೆಯ ಭಾಗವನ್ನು ಮುಟ್ಟಬೇಕಾಗಿಲ್ಲ. ಪಾಲಿಮಾರ್ಫಿಸಂ ಎಂಬ ದೊಡ್ಡ ಹೆಸರಿನ ಹಿಂದಿರುವುದು ಈ ಅನುಕೂಲವೇ.

ಈಗ ಸೀನಿಯರ್ ಹೇಳಿದ ಮಾತು. ಸಿ++ ಜಾವಾದ ಅಡಿಪಾಯ ಎಂಬುದು ನಮ್ಮ ಭಾಗದಲ್ಲಿ ಆಳವಾಗಿ ಬೇರೂರಿರುವ ನಂಬಿಕೆ; ಕಾಲೇಜುಗಳಲ್ಲಿ ಬಹುಕಾಲ ಸಿ, ಸಿ++, ಜಾವಾ ಎಂಬ ಕ್ರಮದಲ್ಲೇ ಪಾಠ ನಡೆದುದರಿಂದ ಹುಟ್ಟಿದ್ದು. ಕ್ಲಾಸ್, ಆಬ್ಜೆಕ್ಟ್ ಎಂಬ ಕಲ್ಪನೆಗಳು ಇವೆರಡಕ್ಕಿಂತ ಹಳೆಯವು. ನಾರ್ವೆಯ ಓಸ್ಲೋದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲೇ ಅವು ಬಂದಿದ್ದವು. ಅದಕ್ಕಾಗಿ ಇಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ಉನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರ ಸಾಲಿಗೆ ಸಂದಿತು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಆಬ್ಜೆಕ್ಟ್‌ಗಳು ಒಂದಕ್ಕೊಂದು ಸಂದೇಶ ಕಳಿಸುವುದೇ ಈ ವಿಧಾನದ ಹೃದಯ ಎಂದು ಕೇ ಒತ್ತಿ ಹೇಳುತ್ತ ಬಂದರು. ಮುನೀಮರು ಖಾತೆಗೆ ಕೇಳಿದ ಪ್ರಶ್ನೆ ಅಂಥದೊಂದು ಸಂದೇಶ. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಸಿಮ್ಯುಲಾದ ಕ್ಲಾಸ್‌ಗಳನ್ನು ಸಿ ಭಾಷೆಯ ವೇಗದೊಂದಿಗೆ ಕೂಡಿಸಲು ಹೊರಟರು, 1983ರಲ್ಲಿ ಅದಕ್ಕೆ ಸಿ++ ಎಂಬ ಹೆಸರು ಬಂತು. 1995ರಲ್ಲಿ ಬಂದ ಜೇಮ್ಸ್ ಗಾಸ್ಲಿಂಗ್ ಅವರ ಜಾವಾ, ಸಿ++ನ ಬರವಣಿಗೆಯ ಚಹರೆಯನ್ನು ಉಳಿಸಿಕೊಂಡು ಪಾಯಿಂಟರ್ ಲೆಕ್ಕಾಚಾರವನ್ನೂ ಮೆಮೊರಿಯನ್ನು ಕೈಯಾರೆ ಬಿಡಿಸುವ ಕೆಲಸವನ್ನೂ ಕೈಬಿಟ್ಟಿತು. ಎಂದರೆ ಜಾವಾ ಕಲಿಯಲು ಯಾವುದು ಬೇಕಾಗಿಲ್ಲವೋ ಅದನ್ನೇ ಕಲಿಯಲು ನಿಮ್ಮ ಸೀನಿಯರ್ ಒಂದು ವರ್ಷ ಕೇಳುತ್ತಿದ್ದಾರೆ.

ಸಿ++ ಕೆಟ್ಟ ಭಾಷೆ ಎಂದು ಯಾರೂ ತಿಳಿಯಬಾರದು. ಆಟಗಳು, ಬ್ರೌಸರ್‌ಗಳು, ಯಂತ್ರಗಳ ಒಳಗಿನ ಸಾಫ್ಟ್‌ವೇರ್ ಇಂದಿಗೂ ಅದರಲ್ಲಿ ಬರೆಯಲ್ಪಡುತ್ತಿವೆ. ಆದರೆ ಆಬ್ಜೆಕ್ಟ್‌ಗಳ ಮೊದಲ ಪಾಠಕ್ಕೆ ಅದು ಕಲಿಯುವವರ ಗಮನವನ್ನು ಬೇರೆಡೆಗೆ ಎಳೆಯುತ್ತದೆ. ಹಮಾಲರ ಖಾತೆಯನ್ನು, ಎಲ್ಲ ಖಾತೆಗಳಿಗೂ ಮೂಲವಾದ ಸಾಮಾನ್ಯ ಖಾತೆಯನ್ನು ಪಡೆಯುವ ಫಂಕ್ಷನ್‌ಗೆ ಹಾಗೆಯೇ ನಕಲಾಗಿ ಕಳಿಸಿದರೆ ಹಮಾಲರಿಗೆ ಸಂಬಂಧಿಸಿದ ಭಾಗ ಕತ್ತರಿಸಿ ಹೋಗಿ ಸಾಮಾನ್ಯ ಖಾತೆ ಮಾತ್ರ ಒಳಗೆ ತಲಪುತ್ತದೆ, ಕೋಡನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಸಾಮಾನ್ಯ ಖಾತೆಯ ಮೆಥಡ್‌ಗೆ (ಕ್ಲಾಸಿನೊಳಗಿನ ಫಂಕ್ಷನ್‌ಗೆ) ವರ್ಚುವಲ್ ಎಂದು, ಅಂದರೆ ಖಾತೆಯ ನಿಜವಾದ ಬಗೆ ನೋಡಿ ಉತ್ತರಿಸು ಎಂದು, ಬರೆಯಲು ಮರೆತರೂ ತಪ್ಪು ಉತ್ತರ ಸದ್ದಿಲ್ಲದೆ ಬರುತ್ತದೆ. ಪಾಯಿಂಟರ್‌ಗೆ ತಲೆ ತಿರುಗುತ್ತದೆ ಎನ್ನುವ ನೀವು ಇಂಥಲ್ಲಿ ಸಿಕ್ಕಿಕೊಂಡರೆ ಆಬ್ಜೆಕ್ಟ್‌ಗಳೇ ಕಷ್ಟವೆಂಬ ತೀರ್ಮಾನಕ್ಕೆ ಬರುತ್ತೀರಿ. ಹಾಗೆ ಬಂದವರನ್ನು ನಾನು ತುಂಬ ಜನರನ್ನು ಕಂಡಿದ್ದೇನೆ. ಇನ್ನೊಂದು ಎಚ್ಚರಿಕೆ. ನಿಮ್ಮ ಸೀನಿಯರ್ ಪೆನ್‌ಡ್ರೈವ್‌ನಲ್ಲಿ ಟರ್ಬೊ ಸಿ++ ಕೊಟ್ಟರೆ ಅದನ್ನು ಹಾಕಿಕೊಳ್ಳಬೇಡಿ. ಅದು 1990ರ ದಶಕದ ಆರಂಭದ್ದು, ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ್ದು. ಸಿ++ಗೆ ಅಂತರರಾಷ್ಟ್ರೀಯ ಮಾನಕ ಬಂದದ್ದೇ 1998ರಲ್ಲಿ. ಆ ನೀಲಿ ಪರದೆಯಲ್ಲಿ ಕಲಿತ ಎಷ್ಟೋ ಸಾಲುಗಳು ಇಂದಿನ ಕಂಪೈಲರ್‌ನಲ್ಲಿ ಓಡುವುದೇ ಇಲ್ಲ.

ಪೈಥಾನ್‌ನಲ್ಲಿ ನಿಜವಾದ ಆಬ್ಜೆಕ್ಟ್ ಓರಿಯೆಂಟೆಡ್ ಇಲ್ಲ ಎಂಬ ನಿಮ್ಮ ಅಣ್ಣನ ಮಾತು ತಪ್ಪು. 1991ರಲ್ಲಿ ಹೊರಬಂದ ಗೀಡೊ ವಾನ್ ರೋಸಮ್ ಅವರ ಈ ಭಾಷೆಯಲ್ಲಿ ಸಂಖ್ಯೆಯೂ ಆಬ್ಜೆಕ್ಟ್, ಫಂಕ್ಷನ್ನೂ ಆಬ್ಜೆಕ್ಟ್. ಜಾವಾದಲ್ಲಾದರೋ ಪೂರ್ಣಾಂಕ, ದಶಮಾಂಶ, ಅಕ್ಷರ ಮೊದಲಾದ 8 ಮೂಲ ಬಗೆಗಳು ಆಬ್ಜೆಕ್ಟ್‌ಗಳಲ್ಲ. ಆದರೂ ಅವರ ಮಾತಿನ ಹಿಂದೆ ಒಂದು ಅನುಭವವಿದೆ, ಅದನ್ನು ತೋರಿಸಿಯೇ ಹೇಳಬೇಕು. ಪೈಥಾನ್ 3 ಮತ್ತು ಜಾವಾ ಎರಡೂ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ಬಿಡುತ್ತವೆ. ಹಾಗಾಗಿ ಉದಾಹರಣೆಯನ್ನು ಕನ್ನಡದಲ್ಲೇ ಕೊಡುತ್ತೇನೆ, ಪೈಥಾನ್‌ನಲ್ಲಿ ಇದು ನಿಜಕ್ಕೂ ಓಡುವ ಸಾಲು:

ಖಾತೆ.ಬಾಕಿ = 5000

ಖಾತೆ ಎಂಬ ಆಬ್ಜೆಕ್ಟಿನ ಬಾಕಿಯನ್ನು ಹೊರಗಿನಿಂದ ಯಾರೋ ನೇರವಾಗಿ ತಿದ್ದಿದರು. ಪೈಥಾನ್ ಒಪ್ಪಿಕೊಳ್ಳುತ್ತದೆ. ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ “ಇದನ್ನು ಮುಟ್ಟಬೇಡಿ” ಎಂದು ಸೂಚಿಸುವ ರೂಢಿ ಅಲ್ಲಿದೆ, ಆದರೆ ಅದು ಮರ್ಯಾದೆಯ ಮಾತು, ಬೀಗವಲ್ಲ. ಇನ್ನು, ಅವಸರದಲ್ಲಿ ಬಾಕಿ ಎಂಬುದನ್ನು ಬಕಿ ಎಂದು ಟೈಪ್ ಮಾಡಿದಿರಿ ಎನ್ನಿ:

ಖಾತೆ.ಬಕಿ = 5000

ಪೈಥಾನ್ ಇದನ್ನೂ ತಪ್ಪೆನ್ನುವುದಿಲ್ಲ. ಬಕಿ ಎಂಬ ಹೊಸದೊಂದು ಹೆಸರನ್ನು ಆ ಆಬ್ಜೆಕ್ಟಿಗೆ ಸೇರಿಸಿ ಸುಮ್ಮನಾಗುತ್ತದೆ. ಹಳೆಯ ಬಾಕಿ ಹಾಗೆಯೇ ಉಳಿಯುತ್ತದೆ, ಲೆಕ್ಕ ಏಕೆ ಕೂಡುತ್ತಿಲ್ಲವೆಂದು ನೀವು ರಾತ್ರಿಯೆಲ್ಲ ಹುಡುಕುತ್ತೀರಿ. ಜಾವಾದಲ್ಲಿ ಬಾಕಿಯನ್ನು ಪ್ರೈವೇಟ್ (ಹೊರಗಿನವರು ಮುಟ್ಟುವಂತಿಲ್ಲ) ಎಂದು ಘೋಷಿಸಿದ್ದರೆ, ಬೇರೆ ಕ್ಲಾಸಿನಲ್ಲಿ ಬರೆದ ಈ ಎರಡೂ ಬಗೆಯ ಸಾಲುಗಳು ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ಬಾಗಿಲಲ್ಲಿ ನಿಂತುಬಿಡುತ್ತವೆ. ಪಳಗಿದವರಿಗೆ ಪೈಥಾನ್‌ನ ಸಡಿಲ ಒಂದು ಸೌಕರ್ಯ. ಹಕ್ಕು ಯಾರದು, ಜವಾಬ್ದಾರಿ ಯಾರದು ಎಂಬುದನ್ನೇ ಕಲಿಯುತ್ತಿರುವವರಿಗೆ ತಪ್ಪಿದ ಗಳಿಗೆಯಲ್ಲೇ ತಡೆಯುವವರು ಬೇಕು. ಜಾವಾವನ್ನು ಸೂಚಿಸಲು ನನಗಿರುವ ಮುಖ್ಯ ಕಾರಣ ಇದು. ಮುಂದಿನ ಸೆಮಿಸ್ಟರ್‌ನ ಪಠ್ಯವೂ ಅದೇ ಆಗಿರುವುದು ಎರಡನೆಯ ಕಾರಣ.

ಪೈಥಾನ್‌ನ ಇನ್ನೊಂದು ಹೊಂಡವನ್ನೂ ಹೇಳಿಬಿಡುತ್ತೇನೆ, ಮುಂದೆ ನೀವು ಅತ್ತ ಹೋಗುವವರೇ ಆದ್ದರಿಂದ. ವಹಿವಾಟುಗಳ ಪಟ್ಟಿಯನ್ನು ಆಬ್ಜೆಕ್ಟ್ ಹುಟ್ಟುವಾಗ ಮಾಡದೆ ಕ್ಲಾಸಿನ ಮೈಯಲ್ಲೇ ಬರೆದಿಟ್ಟರೆ ಆ ಕ್ಲಾಸಿನ ಎಲ್ಲ ಆಬ್ಜೆಕ್ಟ್‌ಗಳಿಗೂ ಅದೊಂದೇ ಪಟ್ಟಿ ಹಂಚಿಕೆಯಾಗುತ್ತದೆ. ಆಳಂದದ ರೈತನ ಮಾಲು ಜೇವರ್ಗಿಯ ರೈತನ ಖಾತೆಯಲ್ಲೂ ಕಾಣಿಸುತ್ತದೆ. ತರಗತಿಯಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸುತ್ತೇನೆ. ಕ್ಲಾಸ್ ಬೇರೆ, ಅದರಿಂದ ಹುಟ್ಟಿದ ಆಬ್ಜೆಕ್ಟ್ ಬೇರೆ ಎಂಬುದು ಅರ್ಧ ಗಂಟೆಯ ವಿವರಣೆಗಿಂತ ಆ ತಪ್ಪು ಲೆಕ್ಕದಿಂದ ಬೇಗ ತಿಳಿಯುತ್ತದೆ.

ಜಾವಾ ಹಳೆಯದಾಯಿತು ಎಂಬ ಮಾತಿಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ ಎರಡು ಬಾರಿ ಅದರ ಹೊಸ ಆವೃತ್ತಿ ಬರುತ್ತಿದೆ, ಬ್ಯಾಂಕುಗಳ ಮತ್ತು ದೊಡ್ಡ ಸಂಸ್ಥೆಗಳ ಅಪಾರ ಸಾಫ್ಟ್‌ವೇರ್ ಅದರ ಮೇಲೆ ನಿಂತಿದೆ. ದತ್ತಾಂಶ ವಿಶ್ಲೇಷಣೆ, ಕೃತಕ ಬುದ್ಧಿಮತ್ತೆಗಳಲ್ಲಿ ಪೈಥಾನ್ ಮುಂದಿದೆ ಎಂಬುದೂ ಅಷ್ಟೇ ನಿಜ, ಅದಕ್ಕಾಗಿಯೇ ಅದನ್ನು ಎರಡನೆಯದಾಗಿ ಕಲಿಯಿರಿ ಎನ್ನುತ್ತಿದ್ದೇನೆ. ಮೈಕ್ರೋಸಾಫ್ಟ್‌ನ ಸಿ# (ಸಿ ಶಾರ್ಪ್) ಕೂಡ ಈ ಪಾಠಕ್ಕೆ ಜಾವಾದಷ್ಟೇ ಒಳ್ಳೆಯ ಭಾಷೆ. ಆದರೆ ಸಿಕ್ಕಿಕೊಂಡಾಗ ನಿಮ್ಮ ಕೋಡ್ ನೋಡಿ ತಪ್ಪು ತೋರಿಸಬಲ್ಲ ಉಪನ್ಯಾಸಕರು, ಗೆಳತಿಯರು ಹತ್ತಿರದಲ್ಲಿರುವುದು ಮುಖ್ಯ, ನಿಮ್ಮ ಕಾಲೇಜಿನಲ್ಲಿ ಅಂಥವರು ಸಿಗುವುದು ಜಾವಾಕ್ಕೆ.

ಜಾವಾದಲ್ಲೂ ಅಪಾಯಗಳಿವೆ. ಸಣ್ಣದೊಂದು: ಎರಡು ಹೆಸರುಗಳು ಒಂದೇ ಎಂದು ನೋಡಲು ಎರಡು ಸಮಚಿಹ್ನೆ ಬಳಸಿದರೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು ಉತ್ತರ ಬರುತ್ತದೆ, ಏಕೆಂದರೆ ಆ ಚಿಹ್ನೆ ಅಕ್ಷರಗಳನ್ನು ಹೋಲಿಸದೆ ಎರಡೂ ಒಂದೇ ಆಬ್ಜೆಕ್ಟೇ ಎಂದು ನೋಡುತ್ತದೆ, ಈಕ್ವಲ್ಸ್ ಮೆಥಡ್ ಬಳಸಬೇಕು. ದೊಡ್ಡದು ಬೇರೆಯೇ ಇದೆ. ಪ್ರೋಗ್ರಾಂ ಶುರುವಾಗುವ ಮೇನ್ ಮೆಥಡ್ ಸ್ಟ್ಯಾಟಿಕ್ ಆಗಿರಬೇಕೆಂದು, ಅಂದರೆ ಯಾವ ಆಬ್ಜೆಕ್ಟಿಗೂ ಸೇರದೆ ಕ್ಲಾಸಿಗೇ ಸೇರಿರಬೇಕೆಂದು, ಪುಸ್ತಕದಲ್ಲಿರುತ್ತದೆ. ಅದರೊಳಗಿಂದ ಕರೆದ ಇನ್ನೊಂದು ಮೆಥಡ್‌ಗೆ ಕಂಪೈಲರ್ ತಕರಾರು ಮಾಡಿದಾಗ ವಿದ್ಯಾರ್ಥಿ ಅದಕ್ಕೂ ಸ್ಟ್ಯಾಟಿಕ್ ಸೇರಿಸುತ್ತಾನೆ, ತಕರಾರು ನಿಲ್ಲುತ್ತದೆ. ಮುಂದೆ ವೇರಿಯಬಲ್‌ಗೂ ಸೇರಿಸುತ್ತಾನೆ. ಒಮ್ಮೆ ಒಬ್ಬ ವಿದ್ಯಾರ್ಥಿ ಗ್ರಂಥಾಲಯದ ಲೆಕ್ಕವಿಡುವ ಪ್ರಾಜೆಕ್ಟ್ ತಂದು ತೋರಿಸಿದ. 300 ಸಾಲುಗಳಿಗೂ ಮಿಕ್ಕಿದ ಕೋಡ್, ಎಲ್ಲವೂ ಒಂದೇ ಕ್ಲಾಸಿನಲ್ಲಿ, ಎಲ್ಲದಕ್ಕೂ ಸ್ಟ್ಯಾಟಿಕ್. ಪುಸ್ತಕ ಎಂಬ ಆಬ್ಜೆಕ್ಟ್ ಒಂದೂ ಇರಲಿಲ್ಲ. ಎರಡು ಸೆಮಿಸ್ಟರ್ ಜಾವಾ ಓದಿದ ಆ ಹುಡುಗ ಬರೆದದ್ದು ಸಿ ಪ್ರೋಗ್ರಾಂ ಅನ್ನೇ, ಮತ್ತು ಅದಕ್ಕೆ ಅವನ ಸೋಮಾರಿತನ ಕಾರಣವಾಗಿರಲಿಲ್ಲ. ಯಾರೂ ಅವನಿಗೆ ಅದನ್ನು ತೋರಿಸಿಕೊಟ್ಟಿರಲಿಲ್ಲ. ನಿಮ್ಮ ಕೋಡಿನಲ್ಲಿ ಸ್ಟ್ಯಾಟಿಕ್ ಎಂಬ ಪದ ಮೇನ್ ಬಿಟ್ಟು ಬೇರೆಡೆ ಕಂಡರೆ ನಿಂತು, ಇದು ಯಾವ ಆಬ್ಜೆಕ್ಟಿನ ಕೆಲಸವಾಗಬೇಕಿತ್ತು ಎಂದು ಕೇಳಿಕೊಳ್ಳಿ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಮೇನ್ ಮೆಥಡ್ ಅನ್ನು ಸ್ಟ್ಯಾಟಿಕ್ ಇಲ್ಲದೆ ಸರಳವಾಗಿ ಬರೆಯಬಹುದು, ಆದರೆ ಪ್ರಯೋಗಾಲಯಗಳಲ್ಲಿ ಹಳೆಯ ಆವೃತ್ತಿಗಳೇ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಹಳೆಯ ರೂಪವನ್ನೂ ಕಲಿತಿರಿ.

ಈ ಹೊಂಡವನ್ನು ತಪ್ಪಿಸಲು, ಮತ್ತು ನಿಮ್ಮ 4 ಜಿಬಿ ಲ್ಯಾಪ್‌ಟಾಪ್‌ನ ಸಲುವಾಗಿ, ಬ್ಲೂಜೆ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. ಕಲಿಯುವವರಿಗೆಂದೇ ಮೈಕೆಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ಇದನ್ನು ಆರಂಭಿಸಿದರು. ಕಂಪನಿಗಳಲ್ಲಿ ಬಳಸುವ ದೊಡ್ಡ ತಂತ್ರಾಂಶಗಳಿಗಿಂತ ಇದು ಬಹಳ ಹಗುರ. ಇದರಲ್ಲಿ ಮೇನ್ ಬರೆಯದೆಯೇ ಕ್ಲಾಸಿನ ಚೌಕದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಆಬ್ಜೆಕ್ಟ್ ಹುಟ್ಟಿಸಬಹುದು. ಅದು ಕೆಳಗಿನ ಪಟ್ಟಿಯಲ್ಲಿ ಕೆಂಪು ಪೆಟ್ಟಿಗೆಯಾಗಿ ಕೂರುತ್ತದೆ. ಒಂದೇ ಖಾತೆ ಕ್ಲಾಸಿನಿಂದ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಮಾತ್ರ 2000 ಜಮಾ ಮಾಡಿ, ಎರಡನ್ನೂ ತೆರೆದು ಒಳಗಿನ ಬಾಕಿಯನ್ನು ನೋಡಿ. ಒಂದು ಬದಲಾಗಿರುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಈ ಅರಿವು ಗಟ್ಟಿಯಾದ ಮೇಲಷ್ಟೇ ಇನ್‌ಹೆರಿಟೆನ್ಸ್‌ಗೆ, ಅಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸ್ ಪಡೆಯುವ ಪಾಠಕ್ಕೆ, ಹೋಗಿ. ಪುಸ್ತಕಗಳು ಅದನ್ನು ಬಹಳ ಬೇಗ ತರುತ್ತವೆ, ಹೊಸಬರು ಎಲ್ಲೆಡೆ ಅದನ್ನೇ ತುರುಕುತ್ತಾರೆ.

ಇಂಗ್ಲಿಷ್ ವಿಚಾರದಲ್ಲಿ ನಿಮ್ಮ ಭಯ ಅರ್ಧ ಮಾತ್ರ ಸರಿ. ಪೈಥಾನ್‌ನಲ್ಲಿ ಮೀಸಲು ಪದಗಳು 35, ಜಾವಾದಲ್ಲಿ ಸುಮಾರು 50, ಸಿ++ನಲ್ಲಿ 90ಕ್ಕೂ ಹೆಚ್ಚು; ಎಷ್ಟೆಂದರೂ ಒಂದು ಪುಟದ ಪದಗಳು. ಕಲಿಯುವಾಗ ವೇರಿಯಬಲ್, ಮೆಥಡ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟು ನೋಡಿ, ಯೋಚನೆ ತಿಳಿಯಾಗುತ್ತದೆ. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಅಕ್ಷರಗಳು ಒಡೆದು ಕಾಣಬಹುದು, ಗಾಬರಿಯಾಗಬೇಡಿ. ಕಾಲೇಜಿನ ಪ್ರಯೋಗಾಲಯಕ್ಕೂ ಪರೀಕ್ಷೆಗೂ ಇಂಗ್ಲಿಷ್ ಹೆಸರುಗಳನ್ನೇ ಬಳಸಿ. ನಿಜವಾದ ತೊಡಕು ದೋಷದ ಸಂದೇಶಗಳಲ್ಲಿದೆ. ಅವುಗಳಿಗೊಂದು ನೋಟ್‌ಬುಕ್ ಇಡಿ: ಎಡಗಡೆ ಸಂದೇಶ, ಬಲಗಡೆ ಕನ್ನಡದಲ್ಲಿ ಅದರ ಅರ್ಥ ಮತ್ತು ನಿಮಗೆ ಅದು ಬಂದ ಕಾರಣ. “ಕೆನಾಟ್ ಫೈಂಡ್ ಸಿಂಬಲ್” ಎಂದರೆ ನೀವು ಬಳಸಿದ ಹೆಸರು ಕಂಪೈಲರ್‌ಗೆ ಸಿಗಲಿಲ್ಲ, ಹೆಚ್ಚಿನ ಸಲ ಕಾಗುಣಿತದ ತಪ್ಪು. “ನಲ್ ಪಾಯಿಂಟರ್ ಎಕ್ಸೆಪ್ಶನ್” ಎಂದರೆ ಆಬ್ಜೆಕ್ಟ್ ಇಲ್ಲದ ಖಾಲಿ ಹೆಸರಿಗೆ ಕೆಲಸ ಹೇಳಿದ್ದೀರಿ. ನನ್ನ ಅನುಭವದಲ್ಲಿ ಇಂಥ ಇಪ್ಪತ್ತು ಮೂವತ್ತು ಸಂದೇಶಗಳು ತಿಳಿದರೆ ಮೊದಲ ವರ್ಷದ ಬಹುಪಾಲು ಅಡಚಣೆಗಳು ಕಳೆಯುತ್ತವೆ.

ಈ ರಜೆಗೆ ತರಬೇತಿ ಕೇಂದ್ರದ ಫೀಸು ಕಟ್ಟಬೇಡಿ. ಇಲ್ಲಿ ಹೇಳಿದ ತಂತ್ರಾಂಶಗಳೆಲ್ಲ ಉಚಿತ. ಅಡತಿ ಅಂಗಡಿಯ ಲೆಕ್ಕವನ್ನೇ ಜಾವಾದಲ್ಲಿ ಬರೆಯಲು ತೊಡಗಿ: ಮೊದಲು ರೈತನ ಖಾತೆ ಮಾತ್ರ, ಜಮಾ, ಖರ್ಚು, ಬಾಕಿ ಎಂಬ ಮೂರು ಮೆಥಡ್‌ಗಳು. ಇರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಂದರೆ ಖಾತೆಯೇ ತಡೆಯಬೇಕು. ಅದಾದ ಮೇಲೆ ಮಿಲ್ಲಿನ ಖಾತೆ, ಹಮಾಲರ ಖಾತೆ, ಮೂರಕ್ಕೂ ಬಾಕಿ ಕೇಳುವ ಒಂದೇ ಲೂಪ್. ಕೊನೆಗೆ ಲಾರಿ ಖಾತೆಯನ್ನು ಸೇರಿಸಿ ನೋಡಿ. ಆ ಲೂಪನ್ನು ತೆರೆದು ತಿದ್ದಬೇಕಾಗಿ ಬಂದರೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಬರೆಯಿರಿ. ತಿದ್ದದೆಯೇ ಲೆಕ್ಕ ಕೂಡಿಬಂದರೆ ಅದೇ ಪ್ರೋಗ್ರಾಂ ಅನ್ನು ಪೈಥಾನ್‌ನಲ್ಲಿ ಬರೆಯಲು ನೀವು ಸಿದ್ಧರಾಗಿದ್ದೀರಿ, ಮತ್ತು ಅಲ್ಲಿ ಕಂಪೈಲರ್ ಹಾಕದ ಬೀಗಗಳನ್ನು ನೀವೇ ಎಲ್ಲೆಲ್ಲಿ ಹಾಕಿಕೊಳ್ಳಬೇಕೆಂಬುದು ಆಗ ನಿಮಗೆ ಗೊತ್ತಿರುತ್ತದೆ.